ಕಾಕಾನ ನೋಟ್‌ಬುಕ್ಕಿನಲ್ಲಿ 50 ಮತ್ತು 250

ಕಲಬುರಗಿಯ ನಮ್ಮ ಕಾಕಾ ಶುಗರ್ ಲೆಕ್ಕವನ್ನು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಎಡಕ್ಕೆ ತಾರೀಖು, ಬಲಕ್ಕೆ ಗ್ಲುಕೋಮೀಟರ್ ತೋರಿಸಿದ ಅಂಕಿ. ಮದುವೆಯೊಂದರಲ್ಲಿ ಹೋಳಿಗೆ ತಿಂದು ಬಂದ ದಿನ 250. ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ. ಶ್ರಾವಣ ಸೋಮವಾರ ಉಪವಾಸವಿದ್ದು ಶರಣಬಸವೇಶ್ವರ ಗುಡಿಗೆ ನಡೆದು ಹೋಗಿಬಂದ ದಿನ 50. ಅದರ ಮುಂದೆ ರೈಟ್ ಮಾರ್ಕು!

"ಕಮ್ಮಿ ಬಂದದಲ್ಲ, ಛಲೋನೇ ಆತು" ಅಂದರು ಕಾಕಾ. ಅವತ್ತು ಮೈಯೆಲ್ಲಾ ಬೆವರಿ, ಕೈ ನಡುಗಿ, ಚಪ್ಪಲಿ ಬಿಡುವ ಜಾಗದಲ್ಲೇ ಕೂತುಬಿಟ್ಟಿದ್ದರು ಅನ್ನೋದು ಆಮೇಲೆ ಕಾಕು ಹೇಳಿದಾಗಲೇ ಗೊತ್ತಾಗಿದ್ದು.

ಕಾಕಾನದ್ದೇ ತಪ್ಪು ಅನ್ನುವ ಹಾಗಿಲ್ಲ. ಈ ಅಂಕಿಗಳೇ ಕಣ್ಣಿಗೆ ಮೋಸ ಮಾಡುತ್ತವೆ. ಅದನ್ನು ಲೆಕ್ಕ ಹಾಕಿ ತೋರಿಸಿದವರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಗಣಿತಜ್ಞ ಬೋರಿಸ್ ಕೊವಾಚೆವ್ ಮುಖ್ಯರು. ಅವರ ಪ್ರಬಂಧಗಳ ಪಟ್ಟಿ ಉದ್ದ ಇದೆ, ತಲೆಬರಹಗಳೂ ಬಾಯಿಗೆ ತೊಡಕು. ನನಗೆ ಅದರಲ್ಲಿ ಜಾಸ್ತಿ ಹಿಡಿಸಿದ್ದು 1997ರಲ್ಲಿ ಅವರು ಮತ್ತು ಅವರ ಜೊತೆಗಾರರು ಬರೆದದ್ದು.

ರಕ್ತದ ಸಕ್ಕರೆ 70ರಿಂದ 180ರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ. ಮೇಲೆ ಹೋದರೆ 600ರವರೆಗೂ ಹೋಗಬಹುದು. ಕೆಳಗೆ ಇಳಿಯೋಕೆ 20ರವರೆಗೆ ಅಷ್ಟೇ ಜಾಗ. ಅಂದರೆ ಮೇಲ್ಗಡೆ 420 ಅಂಕಿಯ ಬಯಲು, ಕೆಳಗಡೆ 50 ಅಂಕಿಯ ಓಣಿ. ಆ ಓಣಿಯ ತಳದಲ್ಲಿ ಹತ್ತು ಅಂಕಿ ಇಳಿದರೂ ಪ್ರಜ್ಞೆ ತಪ್ಪಬಹುದು. ಬಯಲಿನಲ್ಲಿ ಹತ್ತು ಅಂಕಿ ಏರಿದರೆ ಗೊತ್ತೂ ಆಗುವುದಿಲ್ಲ. ಮಾಮೂಲಿ ಸರಾಸರಿ ತೆಗೆದರೆ ದೊಡ್ಡ ಅಂಕಿಗಳ ಗದ್ದಲದಲ್ಲಿ ಸಣ್ಣವು ಮುಚ್ಚಿಹೋಗುತ್ತವೆ.

ಇದಕ್ಕೆ ಅವರು ಹಿಡಿದ ದಾರಿ ಲಾಗರಿದಮ್. ಹೌದು, ಪಿಯುಸಿಯಲ್ಲಿ ಪುಸ್ತಕ ನೋಡಿ ಲೆಕ್ಕ ಮಾಡಿದ್ದೆವಲ್ಲ, ಅದೇ. ಅದರಲ್ಲಿ 50ರಿಂದ 100 ಒಂದು ಹೆಜ್ಜೆಯಾದರೆ 100ರಿಂದ 200 ಕೂಡ ಅಷ್ಟೇ ದೊಡ್ಡ ಹೆಜ್ಜೆ. ಮೇಲಿನ ಬಯಲು ಕುಗ್ಗುತ್ತದೆ, ಕೆಳಗಿನ ಓಣಿ ಹಿಗ್ಗುತ್ತದೆ. ಇನ್ನೊಂದಿಷ್ಟು ತಿದ್ದಿದ ಮೇಲೆ ಅಳತೆಪಟ್ಟಿಯ ನಡುಮಧ್ಯ, ಅಂದರೆ ಸೊನ್ನೆ, 112.5ಕ್ಕೆ ಬಂತು. 20 ಮತ್ತು 600 ಎರಡು ತುದಿಗಳು, ನಡುವಿನಿಂದ ಸಮ ದೂರ.

ಆ ಸೂತ್ರಕ್ಕೆ ಕಾಕಾನ ಅಂಕಿಗಳನ್ನು ಸುಮ್ನೆ ಹಾಕಿ ನೋಡಿದೆ. 250ಕ್ಕೆ ಹೆಚ್ಚುಕಮ್ಮಿ +1.5 ಬಂತು. 50ಕ್ಕೆ −1.5! ಕೆಂಪು ಗೆರೆ ಬಿದ್ದದ್ದೂ ರೈಟ್ ಮಾರ್ಕು ಸಿಕ್ಕಿದ್ದೂ ಸರಿಸಮ. ಈ ಉತ್ತರವನ್ನು ವರ್ಗ ಮಾಡಿ ಹತ್ತರಿಂದ ಗುಣಿಸಿದರೆ ಅಪಾಯದ ಅಂಕ ಸಿಗುತ್ತದೆ. ಅದು ನೂರಕ್ಕೆ ಎಷ್ಟು ಅನ್ನುವ ಲೆಕ್ಕ. ಕಾಕಾನ ಎರಡೂ ದಿನಗಳಿಗೆ ಸುಮಾರು 22. 90 ಇದ್ದ ಇನ್ನೊಂದು ದಿನಕ್ಕೆ 2 ಕೂಡ ಇಲ್ಲ.

ಕೊವಾಚೆವ್ ಅವರ ಆಮೇಲಿನ ಕೆಲಸಗಳೂ ಇದೇ ಎಳೆಯವು. ಇಟಲಿಯ ಪಡೊವಾ ವಿಶ್ವವಿದ್ಯಾಲಯದ ಕ್ಲಾಡಿಯೋ ಕೊಬೆಲ್ಲಿ ತಂಡದ ಜೊತೆ ಸೇರಿ ಕಂಪ್ಯೂಟರಿನೊಳಗೇ 300 ಜನ ಟೈಪ್ 1 (ಮೈಯಲ್ಲಿ ಇನ್ಸುಲಿನ್ ತಯಾರಾಗದ) ರೋಗಿಗಳನ್ನು ತಯಾರಿಸಿದರು. ದೊಡ್ಡವರು ನೂರು, ಹದಿಹರೆಯದವರು ನೂರು, ಮಕ್ಕಳು ನೂರು. ಇನ್ಸುಲಿನ್ ಪಂಪನ್ನು ನಡೆಸುವ ಲೆಕ್ಕಾಚಾರವನ್ನು ಮೊದಲು ಪ್ರಾಣಿಗಳ ಮೇಲೆ ಪರೀಕ್ಷಿಸುವ ಬದಲು ಇವರ ಮೇಲೆ ಪರೀಕ್ಷಿಸಬಹುದು ಎಂದು 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿತು. 2019ರಲ್ಲಿ 168 ನಿಜವಾದ ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬಂತು. ಸೆನ್ಸರ್ ನೋಡಿ ತಾನೇ ಇನ್ಸುಲಿನ್ ಹೆಚ್ಚುಕಮ್ಮಿ ಮಾಡುವ ಪಂಪು ಹಾಕಿಕೊಂಡವರ ಸಕ್ಕರೆ ದಿನದ 61 ಶೇಕಡಾ ಹೊತ್ತಿನ ಬದಲು 71 ಶೇಕಡಾ ಹೊತ್ತು 70-180ರ ಒಳಗೆ ನಿಂತಿತ್ತು. ದಿನಕ್ಕೆ ಎರಡು ತಾಸಿಗಿಂತ ಜಾಸ್ತಿ ನೆಮ್ಮದಿ ಅದು.

ಕಾಕಾನದ್ದು ಟೈಪ್ 2, ಆ ಪಂಪು ಅವರಿಗೆ ಬೇಕಿಲ್ಲ. ಅವರು ನುಂಗುವುದು ಗ್ಲಿಮೆಪಿರೈಡ್ ಗುಳಿಗೆ. ಊಟ ಮಾಡಲಿ ಬಿಡಲಿ, ಅದು ಇನ್ಸುಲಿನ್ ಸುರಿಸುತ್ತದೆ. ಉಪವಾಸದ ದಿನವೂ ತಪ್ಪದೆ ನುಂಗಿದ್ದರು.

"ಹಂಗಾದ್ರ ಸೋಮವಾರ ಬಿಡಬೇಕೇನು?" ಅಂದರು. ಸೋಮವಾರದ ಗುಳಿಗೆ ಏನು ಮಾಡಬೇಕು ಅಂತ ಡಾಕ್ಟರನ್ನು ಕೇಳೋಣ ಅಂದೆ. ಸ್ವಲ್ಪ ಹೊತ್ತು ನೋಟ್‌ಬುಕ್ಕನ್ನೇ ನೋಡುತ್ತಾ ಕೂತರು. ಆಮೇಲೆ ಕೆಂಪು ಪೆನ್ನು ಹುಡುಕಿ ತಂದು 50ರ ಕೆಳಗೂ ಎರಡು ಗೆರೆ ಎಳೆದರು. ರೈಟ್ ಮಾರ್ಕನ್ನು ಮಾತ್ರ ಹೊಡೆದುಹಾಕಲಿಲ್ಲ, "ಗುಡಿಗೆ ಹೋಗಿದ್ದಕ್ಕ ಇರ್ಲಿ ಅದು" ಅಂದರು.