ಮಂಡಿಯವರು ತೋಟದ ಒಡೆಯರಲ್ಲ

ಲಂಡನ್ನಿನ ಹೊರವಲಯದಲ್ಲಿ ನೆಲೆಸಿರುವ ತೀರ್ಥಹಳ್ಳಿ ಕಡೆಯ ದಂಪತಿಗಳು ಇತ್ತೀಚೆಗೆ ನನಗೊಂದು ಕರಡು ಒಪ್ಪಂದವನ್ನು ಕಳುಹಿಸಿ, ಅದಕ್ಕೆ ಸಹಿ ಹಾಕಬಾರದೆಂದು ತಾವು ಈಗಾಗಲೇ ತೀರ್ಮಾನಿಸಿಯಾಗಿದೆ, ನೀವು ಸೌಜನ್ಯದ ಮಾತುಗಳಲ್ಲಿ ಒಂದು ನಿರಾಕರಣೆಯ ಪತ್ರ ಬರೆದುಕೊಟ್ಟರೆ ಸಾಕು ಎಂದು ಕೇಳಿಕೊಂಡರು. ಅವರದು ಇಬ್ಬರೇ ನಡೆಸುವ ಪುಟ್ಟ ಲೇಬಲ್, ಅಂದರೆ ಧ್ವನಿಮುದ್ರಣಗಳನ್ನು ಹೊರತರುವ ಸಂಸ್ಥೆ. ವೀಣೆ, ಘಟ ಮತ್ತು ಚೆಲ್ಲೋ ಕೂಡಿಸಿ ಎರಡು ವರ್ಷ ಕಷ್ಟಪಟ್ಟು ಧ್ವನಿಮುದ್ರಿಸಿದ ಆಲ್ಬಂ ಸಿದ್ಧವಾಗಿತ್ತು, ಅದನ್ನು ಅಂಗಡಿಗಳಿಗೂ ಸ್ಟ್ರೀಮಿಂಗ್ ಸೇವೆಗಳಿಗೂ ತಲುಪಿಸಲು ಒಂದು ವಿತರಣಾ ಸಂಸ್ಥೆ ಮುಂದೆ ಬಂದಿತ್ತು, ಷರತ್ತುಗಳೂ ಕೆಟ್ಟವಾಗಿರಲಿಲ್ಲ. ನಿರಾಕರಣೆಗೆ ಅವರು ಕೊಟ್ಟ ಕಾರಣ ಒಂದೇ: ಆ ವಿತರಣಾ ಸಂಸ್ಥೆಯ ಒಡೆತನ ಜಗತ್ತಿನ ದೈತ್ಯ ಸಂಗೀತ ಕಂಪನಿಗಳಲ್ಲೊಂದರದು, ಅದರ ಮೂಲಕ ಹೋದರೆ ಬ್ರಿಟನ್ನಿನ ಸ್ವತಂತ್ರ ಲೇಬಲ್‌ಗಳ ಅಧಿಕೃತ ಪಟ್ಟಿಗೆ, ಅಂದರೆ ಮಾರಾಟದ ಲೆಕ್ಕದಲ್ಲಿ ವಾರವಾರ ಸ್ಥಾನ ಕೊಡುವ ಪಟ್ಟಿಗೆ, ತಮ್ಮ ಆಲ್ಬಂ ಅನರ್ಹವಾಗುತ್ತದೆ.

ಈ ಭಯ 2009ರ ಜೂನ್ ತನಕ ಸಕಾರಣವಾಗಿತ್ತು. ಆಮೇಲೆ ಅದಕ್ಕೆ ಆಧಾರವಿಲ್ಲ. ಆದರೂ ನನ್ನ ಬಳಿಗೆ ಬರುವ ಚಿಕ್ಕ ಲೇಬಲ್‌ಗಳವರಲ್ಲಿ ಹೆಚ್ಚಿನವರು ಇದೇ ಭಯವನ್ನು ಹೊತ್ತು ಬರುತ್ತಾರೆ, ಇದರ ದೆಸೆಯಿಂದ ಒಳ್ಳೆಯ ಒಪ್ಪಂದಗಳನ್ನು ಕೈಬಿಡುತ್ತಾರೆ, ಮತ್ತು ನನಗೆ ನಿಜವಾಗಿ ಸಂಕಟವಾಗುವುದು ಇಲ್ಲಿಯೇ, ಇದೇ ತಪ್ಪು ತಿಳಿವಳಿಕೆಯ ಇನ್ನೊಂದು ಮುಖವಾಗಿ ಕೆಟ್ಟ ಒಪ್ಪಂದಗಳಿಗೆ ನಿಶ್ಚಿಂತೆಯಿಂದ ಸಹಿ ಹಾಕಿಬಿಡುತ್ತಾರೆ.

ನಿಯಮ ಬದಲಾದ ಕಥೆಯನ್ನು ತಿಳಿದರೆ ವಿಷಯ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಚೆರ್ರಿ ರೆಡ್ ಎಂಬ ಲೇಬಲ್ಲಿನ ಇಯಾನ್ ಮಕ್ನೇ ಅವರ ಸಲಹೆಯಂತೆ ಬ್ರಿಟನ್ನಿನ ಒಂದು ವ್ಯಾಪಾರಿ ವಾರಪತ್ರಿಕೆಯಲ್ಲಿ 1980ರ ಜನವರಿಯಲ್ಲಿ ಸ್ವತಂತ್ರ ಪಟ್ಟಿ ಮೊದಲ ಬಾರಿಗೆ ಪ್ರಕಟವಾಯಿತು. ಆಗ ಅರ್ಹತೆಗೆ ಇದ್ದ ಅಳತೆಗೋಲು ವಿತರಣೆ. ದೊಡ್ಡ ಕಂಪನಿಗಳ ಗೋದಾಮು ಮತ್ತು ಗಾಡಿಗಳನ್ನು ಬಳಸದೆ, ಸ್ವತಂತ್ರ ವಿತರಕರ ಮೂಲಕ ಅಂಗಡಿ ಸೇರಿದ ಹಾಡಿನ ತಟ್ಟೆ ಯಾವುದೋ ಅದು ಸ್ವತಂತ್ರ. ಆ ಕಾಲಕ್ಕೆ ಇದು ಒಪ್ಪತಕ್ಕ ನಿಯಮವೇ ಆಗಿತ್ತು, ಏಕೆಂದರೆ ಆಗ ತಟ್ಟೆ ಒತ್ತಿಸುವುದಕ್ಕಿಂತ ಅದನ್ನು ಊರೂರಿನ ಅಂಗಡಿಗೆ ಮುಟ್ಟಿಸುವುದೇ ಕಷ್ಟದ ಕೆಲಸ. ದೊಡ್ಡವರ ಹಂಗಿಲ್ಲದೆ ಅದನ್ನು ಮಾಡಿದವರನ್ನು ಗುರುತಿಸುವುದೇ ಆ ಪಟ್ಟಿಯ ಉದ್ದೇಶವಾಗಿತ್ತು.

ಕ್ರಮೇಣ ಈ ಅಳತೆಗೋಲು ಡೊಂಕಾಯಿತು. 1988ರಲ್ಲಿ ಕೈಲಿ ಮಿನೋಗ್ ಅವರ ಹಾಡು ಬ್ರಿಟನ್ನಿನ ಮುಖ್ಯ ಪಟ್ಟಿಯಲ್ಲೂ ಸ್ವತಂತ್ರ ಪಟ್ಟಿಯಲ್ಲೂ ಮೊದಲ ಸ್ಥಾನಕ್ಕೇರಿದಾಗ ಗಿಟಾರ್ ವಾದ್ಯವೃಂದಗಳ ಅಭಿಮಾನಿಗಳು, ಇಂತಹ ಜನಪ್ರಿಯ ಹಾಡಿಗೆ ಈ ಪಟ್ಟಿಯಲ್ಲಿ ಏನು ಕೆಲಸ ಎಂದು ಬೇಸರಗೊಂಡರು. ಅವರ ಬೇಸರದಲ್ಲಿ ನ್ಯಾಯವಿತ್ತೆಂದು ನನಗನ್ನಿಸುವುದಿಲ್ಲ. ಆ ಹಾಡನ್ನು ಹೊರತಂದ ಪಿಡಬ್ಲ್ಯುಎಲ್ ಸ್ವಂತ ಬಲದ ಮೇಲೆ ನಿಂತ ಲೇಬಲ್ ಆಗಿತ್ತು, ವಿತರಿಸಿದ ಪಿನಕಲ್ ಸಂಸ್ಥೆಯೂ ಸ್ವತಂತ್ರ. ಸ್ವತಂತ್ರ ಎಂಬುದು ವ್ಯವಹಾರದ ಸ್ಥಿತಿಯೇ ಹೊರತು ಸಂಗೀತದ ಶೈಲಿಯಲ್ಲ. ನಿಜವಾದ ಅನ್ಯಾಯ ನಡೆದದ್ದು ಬೇರೆ ಎರಡು ಬಗೆಯಲ್ಲಿ. ದೊಡ್ಡ ಕಂಪನಿಗಳು ತಮ್ಮದೇ ಹಣದಲ್ಲಿ ಚಿಕ್ಕ ಹೆಸರಿನ ಲೇಬಲ್‌ಗಳನ್ನು ಹುಟ್ಟುಹಾಕಿ, ಸರಕನ್ನು ಮಾತ್ರ ಸ್ವತಂತ್ರ ವಿತರಕರ ಮೂಲಕ ಕಳುಹಿಸಿ ಪಟ್ಟಿಯಲ್ಲಿ ಜಾಗ ಪಡೆದವು. ಇತ್ತ ಮನೆ ಅಡವಿಟ್ಟು ಲೇಬಲ್ ಕಟ್ಟಿದವರು, ಸರಕು ದೂರದ ಊರುಗಳಿಗೂ ತಲುಪಲಿ ಎಂದು ದೊಡ್ಡ ಕಂಪನಿಯ ವಿತರಣೆಯನ್ನು ಒಪ್ಪಿಕೊಂಡ ತಕ್ಷಣ ಪಟ್ಟಿಯಿಂದ ಹೊರಬಿದ್ದರು.

2008ರ ಡಿಸೆಂಬರಿನಲ್ಲಿ ಅದೇ ಪಿನಕಲ್ ಸಂಸ್ಥೆ ದಿವಾಳಿಯಂಚಿಗೆ ಬಂದು ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು, ಅದನ್ನು ನಂಬಿದ್ದ ನೂರಾರು ಲೇಬಲ್‌ಗಳು ಬೇರೆ ದಾರಿ ಹುಡುಕಬೇಕಾಯಿತು. ಆರು ತಿಂಗಳ ನಂತರ, 2009ರ ಜೂನ್ ಕೊನೆಯಲ್ಲಿ, ಪಟ್ಟಿಯ ಹೊಸ ನಿಯಮ ಜಾರಿಗೆ ಬಂದಿತು: ಲೇಬಲ್ಲಿನ ಕನಿಷ್ಠ ಅರ್ಧ ಪಾಲು ದೊಡ್ಡ ಕಂಪನಿಗಳಲ್ಲದವರ ಒಡೆತನದಲ್ಲಿದ್ದರೆ ಅದು ಸ್ವತಂತ್ರ, ವಿತರಣೆ ಯಾರದೇ ಇರಲಿ. ಆಗ ದೊಡ್ಡ ಕಂಪನಿಗಳು ನಾಲ್ಕಿದ್ದವು. ಇಎಂಐ ಮಾರಾಟವಾದ ಮೇಲೆ ಯೂನಿವರ್ಸಲ್, ಸೋನಿ, ವಾರ್ನರ್ ಎಂಬ ಮೂರು ಉಳಿದಿವೆ.

ಇಷ್ಟನ್ನು ಪತ್ರದಲ್ಲಿ ಬರೆದು ತಿಳಿಸಿದರೂ ಆ ದಂಪತಿಗಳಿಗೆ ಸಮಾಧಾನವಾಗಲಿಲ್ಲ. ‘ಸಾರ್, ಅವರ ಕೈಗೆ ಕೊಟ್ಟ ಮೇಲೆ ಅದು ನಮ್ಮದು ಹೇಗಾಗುತ್ತೆ?’ ಎಂದು ಆ ಹೆಣ್ಣುಮಗಳು ಫೋನಿನಲ್ಲಿ ಕೇಳಿದರು. ಮಲೆನಾಡಿನವರಾದ್ದರಿಂದ ಅವರಿಗೆ ಅಡಿಕೆಯ ವ್ಯವಹಾರದಿಂದಲೇ ವಿವರಿಸಿದೆ. ಬೇರೆ ಓದುಗರಿಗೂ ಉಪಯೋಗವಾದೀತೆಂದು ಅದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇನೆ.

ತೋಟದ ಯಜಮಾನರು ಒಣಗಿಸಿದ ಅಡಿಕೆಯನ್ನು ಮೂಟೆ ಕಟ್ಟಿ ಶಿವಮೊಗ್ಗದ ಮಂಡಿಗೆ ಹಾಕುತ್ತಾರೆ. ಮಂಡಿಯವರು ಅದನ್ನು ಮಾರಿ, ತಮ್ಮ ಕಮಿಷನ್ ಮುರಿದುಕೊಂಡು ಉಳಿದ ಹಣವನ್ನು ಲೆಕ್ಕ ಸಮೇತ ಕೊಡುತ್ತಾರೆ. ಮಂಡಿ ಎಷ್ಟೇ ದೊಡ್ಡದಿರಲಿ, ತೋಟ ಯಜಮಾನರದೇ. ವಿತರಣಾ ಒಪ್ಪಂದವೆಂದರೆ ಇದು. ಕೆಲವರು ಕೊಯ್ಲಿಗೆ ಜನ ಸಿಗದೆ ಫಸಲನ್ನು ಚೇಣಿಗೆ ಕೊಡುತ್ತಾರೆ. ಆ ಅವಧಿಯ ಫಸಲಿನ ಮೇಲೆ ಚೇಣಿದಾರರಿಗೆ ಹಕ್ಕು, ಅವಧಿ ತೀರಿದ ಮೇಲೆ ಮರ ಮತ್ತು ಫಸಲು ಎರಡೂ ಯಜಮಾನರಿಗೆ. ಪರವಾನಗಿ ಒಪ್ಪಂದ, ಅಂದರೆ ನಾವು ಲೈಸೆನ್ಸ್ ಎನ್ನುವುದು, ಇದಕ್ಕೆ ಸಮ. ಮೂರನೆಯದು ತೋಟವನ್ನೇ ಕ್ರಯಕ್ಕೆ ಬರೆದುಕೊಡುವುದು. ಹಕ್ಕುಸ್ವಾಮ್ಯದ ಹಸ್ತಾಂತರ ಅದು, ಆಮೇಲೆ ಆ ತೋಟದ ಬೇಲಿ ದಾಟಲೂ ಕೊಂಡವರ ಅನುಮತಿ ಬೇಕು. ಈ ಮೂರರಲ್ಲಿ ಯಾವುದು ನಡೆದಿದೆ ಎಂಬುದನ್ನು ಎದುರಿನ ಸಂಸ್ಥೆಯ ಹೆಸರಾಗಲಿ, ಗಾತ್ರವಾಗಲಿ, ಕಾಗದದ ಮೇಲಿನ ಶೀರ್ಷಿಕೆಯಾಗಲಿ ಹೇಳುವುದಿಲ್ಲ. ಒಳಗಿನ ಕಲಮುಗಳು ಮಾತ್ರ ಹೇಳುತ್ತವೆ.

ಇದನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣರಾದವರು ಧಾರವಾಡ ಜಿಲ್ಲೆಯ ಒಬ್ಬ ಹಿರಿಯರು. ಅವರು ಮೂವತ್ತು ವರ್ಷಗಳಿಂದ ಭಜನಾ ಮೇಳಗಳ ತತ್ವಪದಗಳನ್ನು ಧ್ವನಿಮುದ್ರಿಸಿ, ಮೊದಲು ಕ್ಯಾಸೆಟ್ಟು, ಆಮೇಲೆ ಸಿಡಿ ಮಾಡಿ ಜಾತ್ರೆಗಳಲ್ಲಿ ಮಾರಿದವರು. ದೊಡ್ಡ ಕಂಪನಿಯ ಸಹವಾಸವೇ ಬೇಡವೆಂದು ಒಂದು ಚಿಕ್ಕ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡೆ, ನಮ್ಮದು ಅಪ್ಪಟ ಸ್ವತಂತ್ರ ಲೇಬಲ್ ಎಂದು ಹೆಮ್ಮೆಯಿಂದ ಹೇಳುತ್ತ ಅವರು ಕಾಗದವನ್ನು ನನ್ನ ಮೇಜಿನ ಮೇಲಿಟ್ಟರು. ಮೇಲೆ ದಪ್ಪ ಅಕ್ಷರದಲ್ಲಿ ‘ವಿತರಣಾ ಒಪ್ಪಂದ’ ಎಂದಿತ್ತು. ಏಳನೆಯ ಕಲಮಿನಲ್ಲಿ ಎಲ್ಲ ಧ್ವನಿಮುದ್ರಣಗಳ ಹಕ್ಕನ್ನು ಜಗತ್ತಿನಾದ್ಯಂತ, ಹಕ್ಕುಸ್ವಾಮ್ಯದ ಪೂರ್ಣ ಅವಧಿಗೆ ಹಸ್ತಾಂತರಿಸಲಾಗಿದೆ ಎಂದಿತ್ತು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೆಯ ಕಲಮು ಬರವಣಿಗೆಯಲ್ಲಿಲ್ಲದ ಹಸ್ತಾಂತರವನ್ನು ಮಾನ್ಯ ಮಾಡುವುದಿಲ್ಲ. ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷವೆಂದೂ ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಅದು ಭಾವಿಸುತ್ತದೆ. ಆದರೆ ಇಲ್ಲಿ ಎರಡೂ ಸ್ಪಷ್ಟವಾಗಿ ನಮೂದಾಗಿದ್ದವು, ಕೆಳಗೆ ಅವರ ದುಂಡನೆಯ ಸಹಿ ಇತ್ತು. ಧ್ವನಿಮುದ್ರಣದ ಹಕ್ಕಿಗೆ ಪ್ರಕಟಣೆಯ ಮರುವರ್ಷದಿಂದ ಅರವತ್ತು ವರ್ಷದ ಆಯಸ್ಸು. ಪರಿಹಾರಕ್ಕೆ ದಾರಿಗಳು ಇಲ್ಲವೇ ಇಲ್ಲವೆಂದು ನಾನು ಹೇಳಲಾರೆ, ಪ್ರತಿ ಒಪ್ಪಂದವೂ ಅದರದರ ಸಂದರ್ಭವನ್ನು ಅವಲಂಬಿಸಿರುತ್ತದೆ. ಆದರೆ ಸಹಿಗೆ ಮೊದಲು ಬಂದಿದ್ದರೆ ಒಂದು ಸಾಲು ಹೊಡೆದುಹಾಕಿ ಮುಗಿಸಬಹುದಾಗಿದ್ದ ಕೆಲಸ ಅದು. ಅಂದು ಅವರು ನೀರು ಕೇಳಿ ಕುಡಿದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು.

ಒಡೆತನ ಯಾರದೆಂದು ಮೊದಲ ನೋಟಕ್ಕೆ ತಿಳಿಯಬೇಕಾದರೆ ಆಲ್ಬಮ್ಮಿನ ವಿವರಗಳ ಕೆಳಗೆ ವೃತ್ತದೊಳಗಿನ ಪಿ ಅಕ್ಷರದ ಮುಂದೆ ಯಾರ ಹೆಸರಿದೆ ಎಂದು ನೋಡಬೇಕು. ಅದು ಅಂತಿಮ ಸಾಕ್ಷ್ಯವಲ್ಲ, ಆದರೆ ಅಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ಒಪ್ಪಂದವನ್ನು ಮತ್ತೆ ತೆರೆದು ಓದಬೇಕೆಂಬುದಕ್ಕೆ ಸಾಕಷ್ಟು ಎಚ್ಚರಿಕೆ. ಐಎಸ್‌ಆರ್‌ಸಿ ಸಂಕೇತವನ್ನು ವಿತರಕರಿಂದ ಪಡೆದರೆ ಹಾಡು ಅವರದಾಗುತ್ತದೆ ಎಂದು ನಂಬಿದವರೂ ಇದ್ದಾರೆ. ಆ ಹನ್ನೆರಡು ಅಕ್ಷರಾಂಕಿಗಳು ಧ್ವನಿಮುದ್ರಣವನ್ನು ಗುರುತಿಸುತ್ತವೆ, ಒಡೆಯರನ್ನಲ್ಲ.

ಹಾಗಾದರೆ ಬ್ರಿಟನ್ನಿನ ಇಂದಿನ ನಿಯಮ ನ್ಯಾಯವಾದುದೇ? ಹಳೆಯದಕ್ಕಿಂತ ಖಂಡಿತ ಹೆಚ್ಚು ನ್ಯಾಯವಾದುದು. ಬೆಲ್ಜಿಯಂ ಮೂಲದ ಪಿಯಾಸ್ ಸಮೂಹದಲ್ಲಿ ಯೂನಿವರ್ಸಲ್ ಕಂಪನಿ 2022ರಲ್ಲಿ ಶೇಕಡಾ 49ರ ಪಾಲನ್ನು ಪಡೆದು 2024ರಲ್ಲಿ ಉಳಿದದ್ದನ್ನೂ ಕೊಂಡಿತು. ಆ ಸಮೂಹದ ವಿತರಣೆಯನ್ನು ಬಳಸುವ ಹೊರಗಿನ ಚಿಕ್ಕ ಲೇಬಲ್‌ಗಳೆಲ್ಲ ಹಳೆಯ ನಿಯಮದಲ್ಲಿ ತಮ್ಮದೇನೂ ತಪ್ಪಿಲ್ಲದೆ ಪಟ್ಟಿಯಿಂದ ಹೊರಬೀಳುವ ಸ್ಥಿತಿ ಬರುತ್ತಿತ್ತು. ಹೊಸ ನಿಯಮದಲ್ಲಿ ಅವುಗಳಿಗೆ ಆ ಕಷ್ಟವಿಲ್ಲ.

ಆದರೂ ಅರ್ಧದ ಗೆರೆಯ ಬಗ್ಗೆ ನನಗೆ ಅಳುಕಿದೆ. ಕ್ರಿಯೇಷನ್ ಎಂಬ ಹೆಸರಾಂತ ಲೇಬಲ್ 1992ರಲ್ಲಿ ಶೇಕಡಾ 49ರ ಪಾಲನ್ನು ಸೋನಿಗೆ ಮಾರಿತ್ತು, ಓಯಸಿಸ್ ತಂಡದ ಮೊದಲ ಆಲ್ಬಂ ಬಂದದ್ದು ಅದಾದ ಮೇಲೆ. ಇಂದಿನ ಗೆರೆಯನ್ನು ಅದರ ಮೇಲೆಳೆದರೆ ಕಾಗದದ ಲೆಕ್ಕದಲ್ಲಿ ಅದು ಸ್ವತಂತ್ರವೇ. ಆದರೆ ಪಾಲಿನ ಪ್ರಮಾಣವೊಂದೇ ಹತೋಟಿಯನ್ನು ನಿರ್ಧರಿಸುವುದಿಲ್ಲ, ಮುಂಗಡ ಹಣ, ಮೊದಲ ಖರೀದಿಯ ಹಕ್ಕು, ನಿರ್ದೇಶಕ ಮಂಡಳಿಯಲ್ಲಿನ ನಿಷೇಧಾಧಿಕಾರ ಇವೂ ನಿರ್ಧರಿಸುತ್ತವೆ ಎಂಬುದು ಒಪ್ಪಂದ ಓದುವ ಎಲ್ಲರಿಗೂ ಗೊತ್ತು. ಪಟ್ಟಿ ಮಾಡುವವರು ಪ್ರತಿ ಲೇಬಲ್ಲಿನ ಖಾಸಗಿ ಕಾಗದಗಳನ್ನು ತರಿಸಿ ಓದಲಾರರು, ಆದ್ದರಿಂದ ಎಲ್ಲರಿಗೂ ಕಾಣುವ ಒಂದು ಗೆರೆಯನ್ನು ಅವರು ಆರಿಸಿಕೊಂಡದ್ದನ್ನು ನಾನು ಆಕ್ಷೇಪಿಸುವುದಿಲ್ಲ. ಗಾತ್ರದ ಪ್ರಶ್ನೆ ಇನ್ನೊಂದು. 2011ರಲ್ಲಿ ಅಡೆಲ್ ಅವರ ಆಲ್ಬಂ ಬ್ರಿಟನ್ನಿನಲ್ಲಿ ಎಕ್ಸ್‌ಎಲ್ ಎಂಬ ಸ್ವತಂತ್ರ ಲೇಬಲ್ಲಿನಿಂದ ಬಂತು, ಅಮೆರಿಕದಲ್ಲಿ ಅದನ್ನು ಹೊರತಂದದ್ದು ಸೋನಿಯ ಕೊಲಂಬಿಯಾ. ಒಂದೇ ಧ್ವನಿಮುದ್ರಣ ಒಂದು ದಡದಲ್ಲಿ ಸ್ವತಂತ್ರ, ಇನ್ನೊಂದು ದಡದಲ್ಲಿ ಅಲ್ಲ. ಅಂತಹ ಆಲ್ಬಮ್ಮಿನ ಎದುರು ಇಬ್ಬರೇ ನಡೆಸುವ ಲೇಬಲ್ ಅದೇ ಪಟ್ಟಿಯಲ್ಲಿ ಸ್ಪರ್ಧಿಸಬೇಕು. ಇದನ್ನರಿತೇ, ಬ್ರಿಟನ್ನಿನ ಮುಖ್ಯ ಪಟ್ಟಿಯ ಮೊದಲ ಇಪ್ಪತ್ತರೊಳಗೆ ಒಮ್ಮೆಯೂ ಬಾರದ ಕಲಾವಿದರಿಗಾಗಿ ‘ಬ್ರೇಕರ್ಸ್’ ಎಂಬ ಪ್ರತ್ಯೇಕ ಸ್ವತಂತ್ರ ಪಟ್ಟಿಯನ್ನು ಮಾಡಿದ್ದಾರೆ. ನಮ್ಮ ದಂಪತಿಗಳು ಕಣ್ಣಿಡಬೇಕಾದದ್ದು ಅದರ ಮೇಲೆ.

ಇವೆಲ್ಲ ಒಂದು ಸಂಸ್ಥೆಯ ನಿಯಮಗಳು, ದೇಶದ ಕಾನೂನಲ್ಲ, ಮತ್ತು ಆಗಾಗ ಪರಿಷ್ಕರಣೆಯಾಗುತ್ತವೆ. ಬಿಡುಗಡೆಗೆ ಮೊದಲು ಅಂದಿನ ನಿಯಮಾವಳಿಯನ್ನೇ ತೆರೆದು ಓದಬೇಕು. ಬ್ರಿಟನ್ನಿನ ಕಾನೂನಿನ ಬಗ್ಗೆ ಅಲ್ಲಿನ ವಕೀಲರನ್ನು ಕೇಳಬೇಕೆಂದೂ ನಾನು ದಂಪತಿಗಳಿಗೆ ಬರೆದು ತಿಳಿಸಿದ್ದೇನೆ.

ಅವರು ಕೊನೆಗೆ ಸಹಿ ಹಾಕಿದರು. ಕರಡಿನಲ್ಲಿ ನಾನು ಮಾಡಿಸಿದ ತಿದ್ದುಪಡಿ ಎರಡೇ: ಅವಧಿ ಮೂರು ವರ್ಷಕ್ಕೆ ನಿಂತಿತು, ಪಿ ಅಕ್ಷರದ ಮುಂದೆ ಅವರ ಲೇಬಲ್ಲಿನ ಹೆಸರು ಬಂತು. ಬಿಡುಗಡೆಯ ದಿನಾಂಕದ ಸಾಲು ಖಾಲಿ ಇತ್ತು. ಪಟ್ಟಿಯ ವಾರ ಶುಕ್ರವಾರದಿಂದ ಗುರುವಾರದವರೆಗೆ, ಆದ್ದರಿಂದ ಶುಕ್ರವಾರ ಬಿಡುಗಡೆ ಮಾಡಿದರೆ ಏಳು ದಿನದ ಮಾರಾಟವೂ ಒಂದೇ ವಾರದ ಲೆಕ್ಕಕ್ಕೆ ಸಿಗುತ್ತದೆ ಎಂದು ಸೂಚಿಸಿದೆ. ವಾರದ ನಡುವೆ ಬಂದರೂ ಚಿಂತೆಯಿಲ್ಲ, ಆಲ್ಬಂ ವಿಜಯದಶಮಿಯ ದಿನವೇ ಹೊರಬರಬೇಕೆಂದು ಅವರ ತಾಯಿ ಹೇಳಿದ್ದಾರಂತೆ. ಅನುಬಂಧದಲ್ಲಿ ಆ ದಿನಾಂಕವನ್ನೇ ತುಂಬಿ ಕಳುಹಿಸಿದ್ದೇನೆ.