ಕಕ್ಕಡದ ಮದ್ದು ಸೊಪ್ಪಿಗೆ ಆರೋಗ್ಯ ನೀತಿಯಲ್ಲಿ ಜಾಗ ಎಲ್ಲಿದೆ?

ಆಗಸ್ಟ್ 3ರ ಹೊತ್ತಿಗೆ ಕೊಡಗಿನ ಅಡುಗೆಮನೆಗಳಲ್ಲಿ ಮದ್ದು ಸೊಪ್ಪು ಕುದಿಯುತ್ತಿರುತ್ತದೆ. ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ ಅದು. ಎಲೆ, ದಂಟು ಕುದಿದಂತೆ ನೀರು ಕಡು ನೇರಳೆಯಾಗುತ್ತದೆ, ಮನೆಯೆಲ್ಲ ಘಮ. ಅದರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು ಸೇರಿಸಿದರೆ ಪಾಯಸ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಕೂಡಿರುತ್ತದೆ ಅಂತ ಹಿರಿಯರು ಹೇಳುತ್ತಾರೆ. ತಿಂದ ಮೇಲೆ ಮೂತ್ರ ಕೆಂಪಾದರೆ ಮದ್ದು ಮೈಗೆ ಹಿಡಿಯಿತು ಎಂದೇ ಲೆಕ್ಕ.

ಇಂಥ ತಿಳಿವಳಿಕೆಯನ್ನು ನಮ್ಮ ಆರೋಗ್ಯ ನೀತಿ ಹೇಗೆ ನೋಡಿದೆ?

1946ರಲ್ಲಿ ಭೋರ್ ಸಮಿತಿ ದೇಶದ ಆರೋಗ್ಯ ಸೇವೆಯನ್ನು ಇಂಗ್ಲಿಷ್ ಔಷಧಿಯ ಮೇಲೆ ಕಟ್ಟುವ ನಕ್ಷೆ ಹಾಕಿತು. ಎರಡೇ ವರ್ಷಕ್ಕೆ ಚೋಪ್ರಾ ಸಮಿತಿ, ದೇಶಿ ವೈದ್ಯವನ್ನೂ ಇಂಗ್ಲಿಷ್ ವೈದ್ಯವನ್ನೂ ಬೆಸೆಯಿರಿ ಎಂದಿತು. ನಡೆದದ್ದು ಭೋರ್ ದಾರಿಯೇ.

ನನ್ನ ಪ್ರಕಾರ ನಿಜವಾದ ಗೆರೆ ಬಿದ್ದದ್ದು 1970ರಲ್ಲಿ. ಭಾರತೀಯ ವೈದ್ಯ ಪದ್ಧತಿಗಳ ಕೇಂದ್ರ ಮಂಡಳಿ ಕಾಯ್ದೆ ಬಂತು. ಆಯುರ್ವೇದ, ಸಿದ್ಧ, ಯುನಾನಿಗೆ ಪಠ್ಯ, ಪದವಿ, ನೋಂದಣಿ ಎಲ್ಲಾ ಸಿಕ್ಕಿತು. ಬೇಕಾದದ್ದೇ ಅದು. ಆದರೆ ಗ್ರಂಥ ಇದ್ದವರು ಒಳಗಾದರು, ಬಾಯಿಂದ ಬಾಯಿಗೆ ಕಲಿತ ನಾಟಿ ವೈದ್ಯರು ಹೊರಗುಳಿದರು. 2010ರಲ್ಲಿ ಸೋವಾ ರಿಗ್ಪಾಗೂ ಮಾನ್ಯತೆ ಬಂತು. ಕುಶಾಲನಗರದಿಂದ ಹೊಳೆ ದಾಟಿದರೆ ಸಿಗುವ ಬೈಲಕುಪ್ಪೆಯ ಟಿಬೆಟನ್ನರ ಪದ್ಧತಿ ಅದು. ಅದಕ್ಕೂ ಗ್ರಂಥವಿದೆ. ಹೊಳೆಯ ಈಚೆ ದಡದ ಯರವ, ಜೇನುಕುರುಬ ಬುಡಕಟ್ಟುಗಳ ಹಿರಿಯರ ಸೊಪ್ಪು-ಬೇರಿನ ಅರಿವಿಗೆ ಗ್ರಂಥವಿಲ್ಲ.

ಮಾನ್ಯತೆ ಸಿಕ್ಕ ಪದ್ಧತಿಗಳಿಗೆ 1995ರಲ್ಲಿ ಪ್ರತ್ಯೇಕ ಇಲಾಖೆ, 2003ರಲ್ಲಿ ಅದಕ್ಕೆ ಆಯುಷ್ ಎಂಬ ಹೆಸರು, 2014ರಲ್ಲಿ ಸಚಿವಾಲಯ. 2005ರ ಗ್ರಾಮೀಣ ಆರೋಗ್ಯ ಅಭಿಯಾನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಆಯುಷ್ ವೈದ್ಯರನ್ನು ತಂದಿತು. 2017ರ ರಾಷ್ಟ್ರೀಯ ನೀತಿ ಇದನ್ನೇ ಮುಂದುವರಿಸಿತು.

2018ರಲ್ಲಿ ಕೇರಳದ ಪಾರಂಪರಿಕ ವೈದ್ಯರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾನ್ಯ ಅರ್ಹತೆ ಇಲ್ಲದವರು ಚಿಕಿತ್ಸೆ ಕೊಡುವಂತಿಲ್ಲ ಎಂದಿತು. ರೋಗಿಯ ಜೀವದ ಪ್ರಶ್ನೆ, ಆ ಎಚ್ಚರ ಸರಿಯೇ. ಆದರೆ ಅವರ ಅರಿವನ್ನು ಪರೀಕ್ಷಿಸಿ, ಗಟ್ಟಿ ಯಾವುದು, ಜೊಳ್ಳು ಯಾವುದು ಅಂತ ಬೇರ್ಪಡಿಸುವ ಕೆಲಸ ಜಾಸ್ತಿ ನಡೆದೇ ಇಲ್ಲ ಅಲ್ವಾ?

ಆ ಅರಿವನ್ನು ಬರೆದಿಡಲು ಒಂದು ಕಡೆ ಜಾಗ ಇದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿ ಮಟ್ಟದ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿ ಮಾಡಬೇಕು. ಊರಿನ ಗಿಡ ಯಾವುದು, ಅದು ಯಾವ ಕಾಯಿಲೆಗೆ ಮದ್ದು ಅನ್ನುವುದೆಲ್ಲ ಅದರಲ್ಲಿ ಬರುತ್ತದೆ. ಆದರೆ ಆ ಕಾಯ್ದೆ ಇರುವುದು ಪರಿಸರ ಸಚಿವಾಲಯದ ಕೈಯಲ್ಲಿ, ಆರೋಗ್ಯ ಸಚಿವಾಲಯದ ಕೈಯಲ್ಲಲ್ಲ.