“ಮತ್ತೆ ಯಾವಾಗ ಬರ್ತೀರಾ, ಮಿಸ್?”

ಫೆಬ್ರವರಿ ಕೊನೆ ವಾರ ಬಂತೆಂದರೆ ನನಗೆ ಒಂದೇ ಥರದ ಫೋನ್ ಕರೆಗಳು ಶುರುವಾಗುತ್ತವೆ. “ಮೇಡಂ, ಗ್ರಾಂಟ್‌ನಲ್ಲಿ ಸ್ವಲ್ಪ ದುಡ್ಡು ಉಳಿದಿದೆ. ಮಾರ್ಚ್ ಒಳಗೆ ಖರ್ಚು ಹಾಕಬೇಕು. ಒಂದು ದಿನ ಬಂದು ನಮ್ಮ ಮಕ್ಕಳಿಗೆ ಕೌನ್ಸೆಲಿಂಗ್ ಮಾಡಿ ಹೋಗಿ.” ಎಷ್ಟು ಮಕ್ಕಳು ಸರ್ ಎಂದು ಕೇಳುತ್ತೇನೆ. “ಎಂಟು, ಒಂಬತ್ತು, ಹತ್ತು ಎಲ್ಲಾ ಸೇರಿ ಇನ್ನೂರ ಹತ್ತು. ಹಾಲ್ ಇದೆ, ಮೈಕ್ ಇದೆ, ಊಟದ ವ್ಯವಸ್ಥೆನೂ ಇದೆ.”

ಹೀಗೆ ಕರೆಯುವವರು ಕಾಳಜಿ ಇಲ್ಲದವರಲ್ಲ. ಬಿಸಿಯೂಟದ ಲೆಕ್ಕ, ಮೊಟ್ಟೆ ಲೆಕ್ಕ, ಮಕ್ಕಳ ವಿವರ ತುಂಬುವ ಸ್ಯಾಟ್ಸ್ ಆನ್‌ಲೈನ್ ಎಂಟ್ರಿ, ಮೀಟಿಂಗು, ಇಷ್ಟರ ನಡುವೆ ಪಾಠವನ್ನೂ ಮಾಡುವ ಹೆಡ್ ಮೇಷ್ಟ್ರುಗಳು ಇವರು. ಮಕ್ಕಳ ಮನಸ್ಸಿಗೆ ಏನಾದರೂ ಮಾಡಬೇಕು ಅಂತ ಅವರಿಗೆ ಅನ್ನಿಸಿದ್ದೇ ದೊಡ್ಡದು. ಆದರೂ ಹದಿನೆಂಟು ವರ್ಷದಿಂದ ಮಕ್ಕಳ ಕೌನ್ಸೆಲರ್ ಆಗಿರುವ ನನಗೆ, ಒಂದು ದಿನದ ಕಾರ್ಯಕ್ರಮ ಯಾಕೆ ಬೇಡ ಅನ್ನುವುದನ್ನು ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಈ ಸಲ ಬರೆದೇ ಬಿಡುತ್ತೇನೆ.

ಇನ್ನೂರು ಮಕ್ಕಳನ್ನು ಕೂರಿಸಿ ಮೈಕ್ ಹಿಡಿದು ಮಾತಾಡಿದರೆ ಅದು ಭಾಷಣ. ಒಳ್ಳೆಯ ಭಾಷಣವೇ ಇರಬಹುದು. ಪರೀಕ್ಷೆ ಭಯದ ಬಗ್ಗೆ, ಮೊಬೈಲ್ ಬಗ್ಗೆ ನಾಲ್ಕು ಮಾತು ಕಿವಿಗೆ ಬೀಳುತ್ತದೆ, ತಪ್ಪೇನಿಲ್ಲ. ಆದರೆ ಅದು ಕೌನ್ಸೆಲಿಂಗ್ ಅಲ್ಲ. ಬುದ್ಧಿ ಹೇಳುವುದೂ ಕೌನ್ಸೆಲಿಂಗ್ ಅಲ್ಲ. ಬುದ್ಧಿ ಹೇಳಲು ಮನೆಯಲ್ಲಿ ಅಪ್ಪ ಅಮ್ಮ, ಅಜ್ಜಿ, ದೊಡ್ಡಪ್ಪ ಎಲ್ಲಾ ಇದ್ದಾರೆ. ಕೌನ್ಸೆಲಿಂಗ್ ಎಂದರೆ ಒಂದು ಮಗು, ಕೇಳಿಸಿಕೊಳ್ಳುವ ಒಬ್ಬ ದೊಡ್ಡವರು, ಬೇರೆಯವರಿಗೆ ಕೇಳಿಸದ ಒಂದು ಜಾಗ. ಜೊತೆಗೆ ಅವರಿಬ್ಬರೂ ಮತ್ತೆ ಭೇಟಿಯಾಗುತ್ತೇವೆ ಎಂಬ ಖಾತ್ರಿ. ಈ ಕೊನೆಯದನ್ನೇ ಎಲ್ಲರೂ ಮರೆಯುವುದು. ಮೊದಲ ಭೇಟಿಯಲ್ಲಿ ಮಗು ತಲೆನೋವು ಅನ್ನುತ್ತದೆ. ಎರಡನೇ ಸಲ ನಿದ್ದೆ ಬರಲ್ಲ ಅನ್ನುತ್ತದೆ. ಯಾಕೆ ನಿದ್ದೆ ಬರಲ್ಲ ಅನ್ನುವುದು ಹೊರಗೆ ಬರುವುದು ಮೂರನೇ ಸಲವೋ, ನಾಲ್ಕನೇ ಸಲವೋ. ಒಂದೇ ದಿನ ಹೋಗಿ ಬಂದರೆ ನಮಗೆ ಸಿಗುವುದು ತಲೆನೋವು ಮಾತ್ರ.

ಕೆಲವು ವರ್ಷಗಳ ಹಿಂದೆ ನಾನೂ ಇಂಥ ಕಾರ್ಯಕ್ರಮಗಳಿಗೆ ಹೋಗುತ್ತಿದ್ದೆ. ಒಂದು ಹೈಸ್ಕೂಲ್. ಊರು, ವರ್ಷ ಹೇಳುವುದಿಲ್ಲ, ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಮಾತು ಮುಗಿಯಿತು, ಶಾಲು ಹೊದಿಸಿದರು, ಫೋಟೊ ಆಯಿತು. “ನಿಮ್ಮ ಮನಸ್ಸಿನಲ್ಲಿ ಏನಿದ್ದರೂ ನಂಬಿಕೆ ಇರುವ ದೊಡ್ಡವರ ಹತ್ತಿರ ಹೇಳಿಕೊಳ್ಳಿ” ಅಂತ ಮೈಕಿನಲ್ಲಿ ನಾನೇ ಹೇಳಿದ್ದೆ. ಕಾರ್ ಹತ್ತಿರ ಬಂದಾಗ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನಲ್ಲಿ ಪಕ್ಕ ನಿಂತಿದ್ದಳು. ಕೈಯಲ್ಲಿ ಖಾಲಿ ನೀರಿನ ಬಾಟಲಿ. ತುಂಬಿಸುತ್ತಿರಲಿಲ್ಲ, ಸುಮ್ನೆ ಹಿಡಿದುಕೊಂಡಿದ್ದಳು. “ಮತ್ತೆ ಯಾವಾಗ ಬರ್ತೀರಾ, ಮಿಸ್?” ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಏನಾದರೂ ಹೇಳಬೇಕಿತ್ತಾ ಪುಟ್ಟ ಎಂದೆ. ಸುತ್ತಲೂ ಮೇಷ್ಟ್ರುಗಳು, ಎಸ್‌ಡಿಎಂಸಿ (ಶಾಲೆಯ ಮೇಲುಸ್ತುವಾರಿ ಸಮಿತಿ) ಸದಸ್ಯರು, ಬಾಳೆಹಣ್ಣಿನ ತಟ್ಟೆ ಹಿಡಿದವರು. ಏನಿಲ್ಲ ಮಿಸ್ ಅಂದಳು.

ಆಮೇಲೆ ಕ್ಲಾಸ್ ಟೀಚರ್ ಹತ್ತಿರ ಎರಡು ಸಲ ವಿಚಾರಿಸಿದೆ. ಚೆನ್ನಾಗಿದ್ದಾಳೆ ಅಂದರು. ಇರಬಹುದು. ಬೇಸಿಗೆ ರಜೆ ಕಳೆದ ಮೇಲೆ ಅವಳು ಆ ಶಾಲೆಗೆ ಬರಲಿಲ್ಲ, ಮನೆಯವರು ಊರು ಬಿಟ್ಟಿದ್ದರು. ಅವಳು ಏನು ಹೇಳಬೇಕೆಂದಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೇಳಿಕೋ ಅಂತ ಮಗುವಿಗೆ ಕರೆಕೊಟ್ಟು, ಕೇಳಿಸಿಕೊಳ್ಳಲು ಯಾರನ್ನೂ ಬಿಡದೆ ಎದ್ದು ಬರುವುದು ಸರಿಯಲ್ಲ. ಅಂದಿನಿಂದ ಒಂದು ದಿನದ ಕಾರ್ಯಕ್ರಮಕ್ಕೆ ನಾನು ಒಪ್ಪುವುದನ್ನು ಬಿಟ್ಟೆ.

ಈಗ ದುಡ್ಡಿನ ವಿಷಯ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕೇಂದ್ರ 60, ರಾಜ್ಯ 40ರ ಪಾಲು. ಅದರಲ್ಲಿ ಶಾಲೆಯ ಕೈಗೆ ಬರುವ ಮುಖ್ಯ ಹಣ ಶಾಲಾ ಅನುದಾನ. 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಅದಕ್ಕೂ ಮೇಲೆ ಸಾವಿರದವರೆಗೆ 75,000. ಇದರಲ್ಲೇ ಕನಿಷ್ಠ ಶೇ. 10 ಸ್ವಚ್ಛತೆಗೆ ಹೋಗಬೇಕು. ಕರೆಂಟ್ ಬಿಲ್, ಸೀಮೆಸುಣ್ಣ, ರಿಪೇರಿ ಎಲ್ಲಾ ಇದರಲ್ಲೇ. ಶಾಲಾ ಸುರಕ್ಷತೆ ಅಂತ ಬೇರೆಯಾಗಿ ಬರುವುದು ಶಾಲೆಗೆ 2,000 ರೂಪಾಯಿ ಲೆಕ್ಕದಲ್ಲಿ. ಯಾರ ಸಂಬಳಕ್ಕೂ ಸಾಲುವ ಹಣ ಇದಲ್ಲ. ಮೇಲಾಗಿ ಕಂತಿನಲ್ಲಿ, ತಡವಾಗಿ ಬರುತ್ತದೆ. ಜನವರಿಯಲ್ಲಿ ಬಂದ ಹಣಕ್ಕೆ ಮಾರ್ಚ್ 31ರೊಳಗೆ ಬಿಲ್ ಬೇಕು. ಆಗ ಏನು ಕೊಳ್ಳಬಹುದು? ಬೋರ್ಡು, ಬೀಗ, ಕ್ಯಾಮೆರಾ. ಬಿಲ್ ಸಿಗುತ್ತದೆ, ಫೋಟೊ ಸಿಗುತ್ತದೆ, ಆಡಿಟ್‌ನಲ್ಲಿ ತಕರಾರಿಲ್ಲ. ಒಬ್ಬ ಮನುಷ್ಯ ಮಗುವಿನ ಜೊತೆ ತಿಂಗಳುಗಟ್ಟಲೆ ಕೂತದ್ದಕ್ಕೆ ಫೋಟೊ ಇರುವುದಿಲ್ಲ, ಇರಲೂಬಾರದು. (ಯಾವ ಬಾಬ್ತಿನ ಹಣ ಯಾವುದಕ್ಕೆ ಅನ್ನುವುದನ್ನು ಆಯಾ ವರ್ಷದ ಸುತ್ತೋಲೆ ನೋಡಿ, ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ನಾನು ಲೆಕ್ಕಪತ್ರದವಳಲ್ಲ.)

ಕಟ್ಟಡದ ಸುರಕ್ಷತೆ ಬೇಡ ಅನ್ನುತ್ತಿಲ್ಲ. 2004ರ ಜುಲೈ 16ರಂದು ಕುಂಭಕೋಣಂನ ಶಾಲೆಯಲ್ಲಿ ಬೆಂಕಿ ಹತ್ತಿ 94 ಮಕ್ಕಳು ತೀರಿಕೊಂಡರು. ಅದರ ನಂತರವೇ ಸುಪ್ರೀಂ ಕೋರ್ಟ್ 2009ರಲ್ಲಿ, ಸುರಕ್ಷಿತ ಶಾಲೆ ಮಕ್ಕಳ ಶಿಕ್ಷಣದ ಹಕ್ಕಿನ ಭಾಗ ಎಂದಿದ್ದು. ಬೆಂಕಿ ಆರಿಸುವ ಸಿಲಿಂಡರ್ ಬೇಕು, ಎರಡನೇ ಬಾಗಿಲು ಬೇಕು. ಆದರೆ ಯಾವುದು ಸುರಕ್ಷತೆ ಅಂತ ಒಮ್ಮೆ ಮಕ್ಕಳನ್ನೂ ಕೇಳಿ. ಒಂದು ಮಕ್ಕಳ ಗ್ರಾಮ ಸಭೆಯಲ್ಲಿ ಆರನೇ ಕ್ಲಾಸಿನ ಹುಡುಗಿ ಎದ್ದು ನಿಂತು ಕೇಳಿದ್ದು ಶೌಚಾಲಯಕ್ಕೆ ಒಳಗಿನಿಂದ ಚಿಲಕ. ಆ ಶಾಲೆಯಲ್ಲಿ ಆಗಲೇ ಕ್ಯಾಮೆರಾ ಇತ್ತು.

ನನ್ನನ್ನು ಜಾಸ್ತಿ ಸುಸ್ತು ಮಾಡುವ ಇನ್ನೊಂದು ಮಾತಿದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ 15 ಮಾರ್ಗಸೂಚಿ ಕೊಟ್ಟಿತು. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಪ್ರಾಣ ಕಳೆದುಕೊಂಡ ಲೆಕ್ಕ ಆ ತೀರ್ಪಿನ ಹಿಂದಿದೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಕನಿಷ್ಠ ಒಬ್ಬ ಕೌನ್ಸೆಲರ್ ಇರಬೇಕು ಎಂದಿತು. ಸುದ್ದಿ ಬಂದ ವಾರವೇ ಮೇಷ್ಟ್ರೊಬ್ಬರು ಫೋನ್ ಮಾಡಿ, “ನಮ್ಮಲ್ಲಿ ಇರೋದು 64 ಮಕ್ಕಳು ಮೇಡಂ, ನಮಗೆ ಇದು ಅನ್ವಯ ಆಗಲ್ಲ” ಎಂದು ನಿಟ್ಟುಸಿರು ಬಿಟ್ಟರು.

ಅನ್ವಯ ಆಗುತ್ತದೆ ಸರ್. ಮುಂದಿನ ಸಾಲು ಓದಿ. ನೂರಕ್ಕಿಂತ ಕಡಿಮೆ ಮಕ್ಕಳಿದ್ದರೆ ಹೊರಗಿನ ಮಾನಸಿಕ ಆರೋಗ್ಯ ತಜ್ಞರ ಜೊತೆ ಔಪಚಾರಿಕ ಸಂಪರ್ಕ ಇಟ್ಟುಕೊಂಡಿರಬೇಕು. ಅಂದರೆ ಚಿಕ್ಕ ಶಾಲೆಗೆ ಕೌನ್ಸೆಲರ್ ಸಂಬಳದ ಹೊರೆ ಇಲ್ಲ, ಆದರೆ ಮಗುವನ್ನು ಎಲ್ಲಿಗೆ ಕಳಿಸಬೇಕು ಅನ್ನುವುದು ಮೊದಲೇ ಗೊತ್ತಿರಬೇಕು. ವರ್ಷಕ್ಕೆ ಎರಡು ಸಲ ಸಿಬ್ಬಂದಿಗೆ ತರಬೇತಿ ಆಗಬೇಕು ಅನ್ನುವುದೂ ಅದರಲ್ಲಿದೆ. ನಮ್ಮ ಹಳ್ಳಿ ಶಾಲೆಗಳಲ್ಲಿ ಎಷ್ಟೋ ಕಡೆ ನೂರು ಮಕ್ಕಳಿಲ್ಲ. ಅವರಿಗೆಲ್ಲ ಅನ್ವಯಿಸುವುದು ಈ ಎರಡನೇ ಮಾತೇ.

ಸಂಪರ್ಕ ಎಂದರೆ ಗೋಡೆ ಮೇಲೆ ನಂಬರ್ ಬರೆಸುವುದಷ್ಟೇ ಅಲ್ಲ. ಅದೂ ಬೇಕು ನಿಜ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಮಕ್ಕಳ ಸಹಾಯವಾಣಿ 1098, ಎರಡೂ ಉಚಿತ, ಹಗಲು ರಾತ್ರಿ ಇರುತ್ತವೆ, ಕನ್ನಡದಲ್ಲೇ ಮಾತಾಡಬಹುದು. ಆದರೆ ಫೋನ್ ಇಲ್ಲದ ಮಗು ಆ ನಂಬರ್‌ಗೆ ಎಲ್ಲಿಂದ ಮಾಡಬೇಕು? ಯಾವ ಟೀಚರ್ ತಮ್ಮ ಫೋನ್ ಕೊಟ್ಟು ಸ್ವಲ್ಪ ದೂರ ಹೋಗಿ ನಿಲ್ಲುತ್ತಾರೆ? ಅವರ ಹೆಸರು ಮಕ್ಕಳಿಗೆ ಗೊತ್ತಿರಬೇಕು. 2020ರ ಶಾಲಾ ಆರೋಗ್ಯ ಕಾರ್ಯಕ್ರಮದ ಪ್ರಕಾರ ಶಾಲೆಗೆ ಇಬ್ಬರು ಶಿಕ್ಷಕರು ಆರೋಗ್ಯ ರಾಯಭಾರಿಗಳು. ನಿಮ್ಮ ಶಾಲೆಯ ಆ ಇಬ್ಬರು ಯಾರು ಎಂದು ಕೇಳಿದಾಗ ಹೆಡ್ ಮೇಷ್ಟ್ರು ರಿಜಿಸ್ಟರ್ ತೆಗೆದು ನೋಡಿದ ಪ್ರಸಂಗಗಳು ನನಗೆ ಬೇಕಾದಷ್ಟಿವೆ.

ಇನ್ನು ತಾಲ್ಲೂಕು ಆಸ್ಪತ್ರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಅಲ್ಲಿಗೆ ಬರುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಅಂತ ಒಮ್ಮೆ ಹೋಗಿ ಕೇಳಿಕೊಂಡು ಬನ್ನಿ. ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಇದೆ. ಮಗುವನ್ನು ಯಾರು ಕರೆದುಕೊಂಡು ಹೋಗುತ್ತಾರೆ ಅನ್ನುವಲ್ಲಿ ಎಲ್ಲಾ ನಿಂತುಬಿಡುತ್ತದೆ. ಅಮ್ಮನಿಗೆ ಒಂದು ದಿನದ ಕೂಲಿ ಹೋಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಮ್ಮಂದಿರಿಗೆ, ಹೆಣ್ಣುಮಕ್ಕಳಿಗೆ ಬಸ್ ಚಾರ್ಜ್ ಚಿಂತೆ ತಪ್ಪಿತು. ನನ್ನ ಕೆಲಸಕ್ಕೆ ಅದು ಎಷ್ಟು ಸಹಾಯವಾಯಿತು ಅಂತ ಯಾರೂ ಕೇಳಲಿಲ್ಲ, ನಾನೇ ಹೇಳುತ್ತಿದ್ದೇನೆ. ಗಂಡುಮಕ್ಕಳಿಗೆ ಟಿಕೆಟ್ ತೆಗೆಯಬೇಕು. ಆ ನಲವತ್ತು ಐವತ್ತು ರೂಪಾಯಿಯನ್ನು ಹಳೆ ವಿದ್ಯಾರ್ಥಿಗಳೋ ಎಸ್‌ಡಿಎಂಸಿಯವರೋ ಎತ್ತಿಟ್ಟರೆ ದೊಡ್ಡ ಉಪಕಾರ.

ಒಂದು ಎಚ್ಚರಿಕೆ. ಮಗು ಲೈಂಗಿಕ ಕಿರುಕುಳದ ಬಗ್ಗೆ ಹೇಳಿದರೆ “ಮೊದಲು ನೀವು ಬಂದು ಕೌನ್ಸೆಲಿಂಗ್ ಮಾಡಿ, ಆಮೇಲೆ ನೋಡೋಣ” ಎಂದು ನನಗೆ ಫೋನ್ ಮಾಡಬೇಡಿ. ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಸಂಸ್ಥೆಯ ಮುಖ್ಯಸ್ಥರಿಗೂ ಶಿಕ್ಷೆ ಇದೆ. ಮಗುವನ್ನು ಮತ್ತೆ ಮತ್ತೆ ಪ್ರಶ್ನೆ ಕೇಳಬೇಡಿ. ಹೇಳಿದ್ದು ಒಳ್ಳೆಯದಾಯಿತು ಎಂದಷ್ಟೇ ಹೇಳಿ, 1098ಕ್ಕೆ ಕರೆ ಮಾಡಿ. ಕೌನ್ಸೆಲಿಂಗ್ ಅದರ ಜೊತೆಗೆ ನಡೆಯಬೇಕು, ಅದರ ಬದಲಿಗೆ ಅಲ್ಲ.

ಸರ್ಕಾರ ಏನು ಮಾಡಬೇಕು ಎಂದರೆ, ನನ್ನ ಅಭಿಪ್ರಾಯದಲ್ಲಿ ಕ್ಲಸ್ಟರ್‌ಗೆ, ಅಂದರೆ ಅಕ್ಕಪಕ್ಕದ ಶಾಲೆಗಳ ಒಂದು ಗುಂಪಿಗೆ, ಒಬ್ಬ ಕೌನ್ಸೆಲರ್ ಬೇಕು. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಶಾಲೆಯಿಂದ ಶಾಲೆಗೆ ಹೋಗುವ ಹಾಗೆ ಅವರೂ ದಿನಕ್ಕೊಂದು ಶಾಲೆಗೆ ಹೋಗಲಿ. ಸಂಬಳ ಹನ್ನೆರಡು ತಿಂಗಳೂ ಬರಬೇಕು, ವರ್ಷ ವರ್ಷ ಕಾಂಟ್ರಾಕ್ಟ್ ನವೀಕರಣಕ್ಕೆ ಕಾಯುವಂತಿರಬಾರದು. ಜೂನ್‌ನಲ್ಲಿ ಒಬ್ಬರನ್ನು ನಂಬಿದ ಮಗುವಿಗೆ ಜನವರಿಯಲ್ಲಿ ಬೇರೆ ಮುಖ ತೋರಿಸಿದರೆ ಅದು ಮೊದಲಿನಿಂದ ಶುರು ಮಾಡುವುದಿಲ್ಲ. ಸುಮ್ಮನಾಗುತ್ತದೆ.

ಅದು ಆಗುವವರೆಗೂ ಕೈಕಟ್ಟಿ ಕೂರಬೇಕಿಲ್ಲ. ನಾನು ಹೋಗುವ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗುರುವಾರದ ಕೊನೆಯ ಪೀರಿಯಡ್ ಒಬ್ಬ ಟೀಚರ್‌ಗೆ ಕ್ಲಾಸ್ ಹಾಕುವುದಿಲ್ಲ. ಹೊಂಗೆ ಮರದ ಕೆಳಗೆ ಎರಡು ಕುರ್ಚಿ. ಎಲ್ಲರಿಗೂ ಕಾಣುತ್ತದೆ, ಯಾರಿಗೂ ಕೇಳಿಸುವುದಿಲ್ಲ. ಕಳೆದ ವರ್ಷ ಏಳನೇ ಕ್ಲಾಸಿನ ಹುಡುಗನೊಬ್ಬ ಆ ಕುರ್ಚಿಗೆ ಬಂದದ್ದು ಬಿಸಿಯೂಟ ಮಾಡುವ ಅಕ್ಕನಿಂದ. ದಿನಾ ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದವನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದ. “ಮೂರು ದಿನದಿಂದ ಹಿಂಗೇ ಮಾಡ್ತಿದಾನೆ, ಒಸಿ ನೋಡಿ ಮಿಸ್” ಅಂತ ಅಕ್ಕ ಟೀಚರ್‌ಗೆ ಹೇಳಿದರು. ಟೀಚರ್ ನಾಲ್ಕು ಗುರುವಾರ ಅವನ ಜೊತೆ ಕೂತರು, ಆಮೇಲೆ ನನಗೆ ಫೋನ್ ಮಾಡಿದರು. ಎರಡು ಮಂಗಳವಾರ ಆಸ್ಪತ್ರೆಗೆ ಹೋಗಿ ಬಂದ. ಈಗ ಎಂಟನೇ ಕ್ಲಾಸಿಗೆ ಹೋಗುತ್ತಿದ್ದಾನೆ.

ಈಗ ಫೆಬ್ರವರಿಯಲ್ಲಿ ಫೋನ್ ಬಂದರೆ ನಾನು ಇಷ್ಟೇ ಹೇಳುತ್ತೇನೆ: ಈ ದುಡ್ಡಲ್ಲಿ ಚಿಲಕ ಹಾಕಿಸಿ, ಬಲ್ಬ್ ಹಾಕಿಸಿ. ನನ್ನನ್ನು ಕರೆಯುವುದಾದರೆ ಜೂನ್‌ನಿಂದ ಕರೆಯಿರಿ, ತಿಂಗಳಿಗೆ ಒಂದು ದಿನ, ಬಸ್ ಚಾರ್ಜೂ ಬೇಡ. ದಿನಾಂಕಗಳನ್ನು ನೋಟಿಸ್ ಬೋರ್ಡಿನಲ್ಲಿ ಬರೆಸಿ, ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ. ಈ ವರ್ಷ ನಾಲ್ಕು ಶಾಲೆಗಳು ಒಪ್ಪಿವೆ. ಹತ್ತು ದಿನಾಂಕಗಳನ್ನೂ ಈಗಲೇ ಬರೆದುಕೊಟ್ಟಿದ್ದೇನೆ.